ನನ್ನ ಪಾಡಿಗೆ ಹತ್ತು ವರ್ಷ

ಬರೆಯುವ ಚಟ ಇರುವವನಿಗೆ ಓದುಗರು ಬೇಕು, ಇದರಲ್ಲಿ ನಾಚಿಕೊಳ್ಳುವುದೇನಿದೆ? 'ನಾನು ನನ್ನ ಸಂತೋಷಕ್ಕೆ ಬರೆಯುತ್ತೇನೆ' ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಹತ್ತು ವರ್ಷ ನಾನೂ ಹಾಗೇ ಹೇಳಿಕೊಂಡು ತಿರುಗಿದವನು, ಆದ್ದರಿಂದ ಗೊತ್ತು. ನನ್ನ ಬ್ಲಾಗಿನ ಹೆಸರು 'ನನ್ನ ಪಾಡಿಗೆ ನಾನು'. ಮದರಾಸಿನ ಗಿಂಡಿ ಬಡಾವಣೆಯಲ್ಲಿರುವ ಆಫೀಸು, ಮೆಟ್ರೋದಲ್ಲಿ ಸಿಗದ ಸೀಟು, ಮನೆಯ ನಲ್ಲಿಯಲ್ಲಿ ಬರುವ ಉಪ್ಪುನೀರು, ಹೀಗೆ ತಲೆಗೆ ಬಂದದ್ದನ್ನೆಲ್ಲ ಗೀಚಿ ಹಾಕುತ್ತ ಬಂದಿದ್ದೇನೆ. ಓದುವವರು ಯಾರು ಅಂತ ಮಾತ್ರ ಕೇಳಬೇಡಿ. ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಲಿಂಕು ಕಳಿಸಿದರೆ ಎರಡೇ ಸೆಕೆಂಡಿಗೆ ಹೆಬ್ಬೆರಳು ಎತ್ತಿ ತೋರಿಸುತ್ತಾನೆ. ಎರಡು ಸೆಕೆಂಡಿನಲ್ಲಿ ತಲೆಬರಹ ಓದುವುದೂ ಕಷ್ಟ. ಇನ್ನೊಬ್ಬರು ಪ್ರತಿ ಸಲ ತಪ್ಪದೆ 'ಅತ್ಯುತ್ತಮ ಬರಹ, ಧನ್ಯವಾದಗಳು' ಎಂದು ಬರೆಯುತ್ತಿದ್ದರು. ಉಬ್ಬಿಹೋಗಿದ್ದೆ. ವಿಚಾರಿಸಿದರೆ ಅವರು ಬಚ್ಚಲುಮನೆಗೆ ಟೈಲ್ಸ್ ಮಾರುವವರು. ಯಾರು ಏನು ಬರೆದರೂ ಅವರಿಗೆ ಅತ್ಯುತ್ತಮವೇ.

ಹೊರಗಿನವರು ಹಾಳಾಗಿ ಹೋಗಲಿ, ಮನೆಯವರಾದರೂ ಓದಬಾರದೇ? ನಮ್ಮದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಬೇರೂರಿದ ಮಾಧ್ವರ ಮನೆ. ಮನೆಮಾತು ಕನ್ನಡ, ಅಂದರೆ ನಾವು ಕನ್ನಡ ಎಂದು ತಿಳಿದುಕೊಂಡಿರುವುದು. ನನಗೆ ಅಕ್ಷರ ಬಂದದ್ದು ಅಜ್ಜ ರಜೆಯಲ್ಲಿ ಎದುರಿಗೆ ಕೂಡಿಸಿಕೊಂಡು ತೊಡೆ ಚಿವುಟಿ ಕಲಿಸಿದ್ದರಿಂದ. ಹೆಂಡತಿ ವಸುಧಾ ಓದಿದ್ದು ಇಲ್ಲಿಯ ತಮಿಳು ಶಾಲೆಯಲ್ಲಿ. ಕನ್ನಡದಲ್ಲಿ ಮಾತಾಡುತ್ತಾಳೆ, ಸೊಗಸಾಗಿ ಬೈಯುತ್ತಾಳೆ, ಓದಲು ಮಾತ್ರ ಬಾರದು. ದೇವರನಾಮವನ್ನೂ ತಮಿಳು ಅಕ್ಷರದಲ್ಲಿ ಬರೆದಿಟ್ಟುಕೊಂಡು ಹಾಡುವವಳು. ಕಾಲೇಜಿಗೆ ಹೋಗುವ ಮಗಳು ಸಿಂಧುವನ್ನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತದೆ, ಸಿಟ್ಟು ಬಂದಿದ್ದರೆ ಇಂಗ್ಲಿಷಿನಲ್ಲಿ. ಹೋಗಲಿ, ನಾನೇ ಓದಿ ಹೇಳುತ್ತೇನೆ, ಐದು ನಿಮಿಷ ಕೂತುಕೊಳ್ಳಿ ಎಂದು ಎಷ್ಟು ಸಲ ಗೋಗರೆದಿದ್ದೇನೋ! ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಒಬ್ಬಳಿಗೆ ಒಗ್ಗರಣೆ ಸೀಯುತ್ತದೆ, ಇನ್ನೊಬ್ಬಳಿಗೆ ನಾಳೆಯೇ ಪರೀಕ್ಷೆ.

ಬ್ಲಾಗಿಗೆ ಹತ್ತು ವರ್ಷ ತುಂಬುವ ಭಾನುವಾರವನ್ನು ನಾನು ಒಂದು ತಿಂಗಳ ಮುಂಚೆಯೇ ಸಾರಿದ್ದೆ. ಯಾರೂ ಉಸಿರೆತ್ತಲಿಲ್ಲ. ಹತ್ತು ವರ್ಷ ಒಂದು ನಾಯಿ ಸಾಕಿದ್ದರೂ ಇವರು ಅದರ ತಲೆ ಸವರುತ್ತಿದ್ದರು ಎಂದು ಹೊಟ್ಟೆ ಉರಿದುಕೊಂಡು, ಆ ಬೆಳಿಗ್ಗೆ ಚೀಲ ಹಿಡಿದು ಕೋಯಂಬೇಡು ಮಾರ್ಕೆಟ್ಟಿಗೆ ತರಕಾರಿಗೆ ಹೋದೆ. ಸಿಟ್ಟಿನಲ್ಲಿ ಮೂರು ಕುಂಬಳಕಾಯಿ ತಂದೆ. ವಾಪಸು ಬಂದರೆ ಗೇಟಿಗೆ ಒಂದು ಥರ್ಮೋಕೋಲ್ ಬೋರ್ಡು, ಸುತ್ತ ಚೆಂಡುಹೂವು, ಮಧ್ಯದಲ್ಲಿ ಗೇಣುದ್ದದ ಕೆಂಪು ಕನ್ನಡ ಅಕ್ಷರಗಳು! ಸಿಂಧು ನಾಲ್ಕು ದಿನ ಮೊಬೈಲು ನೋಡಿಕೊಂಡು ಅಕ್ಷರ ಕಲಿತು ತಾನೇ ಬರೆದಳಂತೆ. ನಮ್ಮದೇ ಬ್ಲಾಗಿನ ಹೆಸರನ್ನು ಯಾರು ಅಕ್ಷರ ಬಿಡಿಸಿ ಓದುತ್ತಾರೆ? ಕಣ್ಣೊರೆಸಿಕೊಂಡು ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಬೆಲ್ಲು ಹೊಡೆಯಿತು. ಬಿಳಿ ಪಂಚೆಯ ಹಿರಿಯರೊಬ್ಬರು ನಿಂತಿದ್ದರು. ಹೆಸರು ಉಪಾಧ್ಯರಂತೆ, ಉಡುಪಿ ಕಡೆಯವರು, ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಮೇಲ್ವಿಚಾರಕರು.

"ಬೋರ್ಡ್ ನೋಡಿ ಬಂದೆ ಮಾರಾಯ್ರೆ. ಈ ಊರಲ್ಲಿ ಕನ್ನಡದಲ್ಲಿ ಬರೆಯುವವರು ಯಾರುಂಟು? ಆದರೆ ಹತ್ತು ವರ್ಷ ಎಲ್ಲ ನಮಗೆ ಬೇಡ, ಮೂರು ಸಾಕು. ಮನೆಗೆ ನೀರು ಹೇಗೆ?"

ನಾನು ಗೇಟಿಗೆ ಓಡಿದೆ. 'ನನ್ನ ಬಾಡಿಗೆ ನಾನು, ಹತ್ತು ವರ್ಷ' ಎಂದಿತ್ತು.

ವಿಚಾರಣೆ ನಡೆಯಿತು. ವಸುಧಾ ಹೆಸರನ್ನು ತಮಿಳಿನಲ್ಲಿ ಬರೆದುಕೊಟ್ಟಿದ್ದಳು, ಸಿಂಧು ಅದನ್ನು ಒಂದೊಂದೇ ಅಕ್ಷರವಾಗಿ ಕನ್ನಡಕ್ಕೆ ಇಳಿಸಿದ್ದಳು. ತಮಿಳಿನಲ್ಲಿ 'ಪ'ಕ್ಕೂ 'ಬ'ಕ್ಕೂ ಇರುವುದು ಒಂದೇ ಅಕ್ಷರ. "ರೆಂಡುಕ್ಕುಮ್ ಒರೇ ಎಳುತ್ತು ದಾನೇಪ್ಪಾ" ಎಂದು ಅವಳು ಅದನ್ನೇ ತಮಿಳಿನಲ್ಲಿ ಹೇಳಿ ಭುಜ ಕುಣಿಸಿದಳು. ಬಾಡಿಗೆ ಎಂಬ ಮಾತನ್ನು ಅವಳು ಮನೆಯಲ್ಲಿ ದಿನಾ ಕೇಳಿದ್ದಳು, ಪಾಡಿಗೆ ಎಂಬುದನ್ನು ಕೇಳಿರಲೇ ಇಲ್ಲ. ನನ್ನ ಹತ್ತು ವರ್ಷದ ಸಾಹಿತ್ಯಸೇವೆಯನ್ನು ಖಾಲಿ ಮನೆ ಮಾಡಿಬಿಟ್ಟಳಲ್ಲ ಎಂದು ನಾನು ಕೂಗಾಡಿದೆ. ವಸುಧಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನನ್ನ ಪಾಡಿಗೆ ನಾನು ಅಂತ ಬೋರ್ಡ್ ಹಾಕ್ಕೊಂಡು, ಯಾರೂ ಬರಲ್ಲ ಅಂತ ಗೊಣಗ್ತೀರಿ. ಮಗು ಒಂದು ಎಳುತ್ತು ಮಾತ್ತಿದಳು, ಪ ಹೋಗಿ ಬ ಆಯ್ತು, ಆಳು ಬಂದಾಯ್ತು ನೋಡಿ."

ಉಪಾಧ್ಯರಿಗೆ ಪಾಪ, ಮುಜುಗರವಾಯಿತು. ಹಾಗಾದರೆ ಇದು ಎಂತದ್ದು ಎಂದು ಕೇಳಿದರು. ಹತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಹಾಗೆ ಕೇಳಿದ್ದು! ಬಿಡುತ್ತೇನೆಯೇ? ಫ್ಯಾನಿನ ಕೆಳಗೆ ಕೂಡಿಸಿ, ಬ್ಲಾಗು ತೆರೆದು ಫೋನು ಕೈಗೆ ಕೊಟ್ಟೆ. ಅವರು ಜೇಬಿನಿಂದ ಕನ್ನಡಕ ತೆಗೆದು, ಯಾವುದನ್ನೋ ಒತ್ತಿ, ಓದತೊಡಗಿದರು. ಗಟ್ಟಿಯಾಗಿ. ಅವರು ಮನಸ್ಸಿನಲ್ಲೇ ಓದುವ ಪೈಕಿ ಅಲ್ಲವೆಂದು ನನಗೇನು ಗೊತ್ತು?

"ಸಮುದ್ರ ನೋಡಲು ಎಣ್ಣೂರಿಗೆ ಹೋಗಬೇಕಿಲ್ಲ. ನನ್ನ ಹೆಂಡತಿ ಮಾಡಿದ ಹುಳಿ ಬಡಿಸಿಕೊಂಡರೆ ಸಾಕು. ಉಪ್ಪೂ ಅಷ್ಟೇ, ತಳದಲ್ಲಿ ಏನಿದೆಯೆಂದು ಕಾಣದಿರುವುದೂ ಅಷ್ಟೇ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಓದಲು ಬಾರದವರಿಗೆ ಕಿವಿ ಇರುತ್ತದೆ ಎಂಬುದನ್ನು ನಾನು ಹತ್ತು ವರ್ಷ ಯೋಚಿಸಿಯೇ ಇರಲಿಲ್ಲ. ನಾನಾಗಿದ್ದರೆ ಮೆಟ್ರೋ ಸೀಟಿನ ಬಗ್ಗೆ ಬರೆದದ್ದನ್ನು ಓದುತ್ತಿದ್ದೆ. ಫೋನಿಗೆ ಕೈ ಚಾಚಿದೆ. ಇರಿ ಮಾರಾಯ್ರೆ, ಚೆನ್ನಾಗುಂಟು ಎಂದು ಅವರು ಕೈ ಸರಿಸಿ, ಮಗಳ ಕೋಣೆಯನ್ನು ನಾನು ಪಾತಾಳಕ್ಕೆ ಹೋಲಿಸಿದ ಭಾಗಕ್ಕೆ ಬಂದರು. ಸಿಂಧು ತನ್ನ ಮೊಬೈಲು ಕೆಳಗಿಟ್ಟು ನೆಟ್ಟಗೆ ಕೂತಳು. ವಸುಧಾ ಕಾಪಿ ಲೋಟ ತಂದು ಅವರ ಮುಂದಿಟ್ಟು, ಇಂಥದ್ದು ಇನ್ನೂ ಎಷ್ಟಿದೆ ಎಂದು ಕೇಳಿದಳು. ತುಂಬ ಉಂಟಮ್ಮ, ಹತ್ತು ವರ್ಷದ್ದು ಎಂದರು ಆ ಪುಣ್ಯಾತ್ಮರು.

"ಅವಸರ ಇಲ್ಲ ಸಾರ್," ಎಂದಳು ವಸುಧಾ, ಕುರ್ಚಿ ಎಳೆದುಕೊಳ್ಳುತ್ತ. "ಮೆದುವಾ ಓದಿ."

ಪಕ್ಕದ ಬೀದಿಯಲ್ಲಿ ಉಪಾಧ್ಯರಿಗೆ ಮನೆ ಹುಡುಕಿಕೊಟ್ಟವಳೂ ಅವಳೇ. ಈಗ ಪ್ರತಿ ಭಾನುವಾರ ಹೋಟೆಲಿನ ತಿಂಡಿಯ ಗದ್ದಲ ಮುಗಿಸಿ ಬರುತ್ತಾರೆ. ಮೊದಲ ವರ್ಷದಿಂದ ಕ್ರಮವಾಗಿ ಓದಬೇಕೆಂದು ಅಪ್ಪಣೆಯಾಗಿದೆ. ಒಗ್ಗರಣೆ ಸೀಯುವುದಿಲ್ಲ, ಪರೀಕ್ಷೆಯೂ ಇರುವುದಿಲ್ಲ. ಕೆಲವನ್ನು ಅಳಿಸಿಬಿಡೋಣ ಎಂದುಕೊಂಡೆ; ಸಿಂಧು ಎಲ್ಲವನ್ನೂ ಆಗಲೇ ತನ್ನ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದಾಳಂತೆ, ಅದನ್ನು ಮಾತ್ರ ಸ್ವಚ್ಛ ಕನ್ನಡದಲ್ಲಿ ಹೇಳಿದಳು. ಮೂರು ವರ್ಷದ್ದು ಮುಗಿದಿದೆ. ನಾಲ್ಕನೆಯ ವರ್ಷ ನಮ್ಮ ಅತ್ತೆ, ಅಂದರೆ ವಸುಧಾಳ ತಾಯಿ, ಬಂದು ಆರು ತಿಂಗಳು ಇದ್ದರು, ನಾನು ಅವರ ಬಗ್ಗೆಯೇ ವಾರಕ್ಕೆ ಎರಡೆರಡು ಬರೆದಿದ್ದೆ. ಬರುವ ಭಾನುವಾರ ಕೇಳುವುದಕ್ಕೆ ತಾಯಿ ಮಗಳು ಸೇರಿ ಅತ್ತೆಯನ್ನೂ ಕರೆದಿದ್ದಾರೆ. ನೀವೂ ಕೂತುಕೊಳ್ಳಿ, ಐದು ನಿಮಿಷ, ಎಂದು ವಸುಧಾ ಬಹಳ ನಯವಾಗಿ ಹೇಳಿದಳು. ನನಗೆ ಪುರುಸೊತ್ತಿಲ್ಲ, ಗಿಂಡಿಯ ಆಫೀಸಿನಲ್ಲಿ ಕೆಲಸವಿದೆ ಎಂದಿದ್ದೇನೆ.