ಪೈಪಿಗೆ ಹೊದಿಸಿದ ಕಂಬಳಿ

"ಬೀಗ್ರು ಬಂದ ದಿನ ನಮ್ಮ ನಲ್ಲ್ಯಾಗೆ ತಣ್ಣೀರು ಬಂದ್ರೆ ಈ ರಂಗೇಶ ಮೀಸೆ ಬೋಳಿಸ್ಕಂತಾನೆ, ನೋಡ್ತಿರು!"

ಹೊಳಲ್ಕೆರೆಯ ತನ್ನ ಮನೆಯ ನಡುಮನೆಯಲ್ಲಿ ರಂಗೇಶ್ ಹೀಗೆ ಗುಡುಗಿದಾಗ ಹೆಂಡತಿ ಲತಾ ಹೀರೇಕಾಯಿ ಹೆರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಆ ಮೀಸೆ ಎಷ್ಟೋ ಸಲ ಪಣಕ್ಕೆ ಬಿದ್ದು, ಹಾಗೇ ಕೂದಲೂ ಕೊಂಕದೆ ಉಳಿದದ್ದನ್ನು ಅವಳು ಕಂಡಿದ್ದಳು.

ಆದರೆ ಈ ಸಲ ಪಣಕ್ಕೆ ಬಿದ್ದದ್ದು ಬರೀ ಮೀಸೆಯಲ್ಲ, ಮಗಳು ಅನುಷಾಳ ಸಂಬಂಧ! ಭಾನುವಾರ ವೀಳ್ಯಶಾಸ್ತ್ರ. ಹಿರಿಯೂರು ಕಡೆಯ ಬೀಗರು ಹಿಂದಿನ ಸಂಜೆಯೇ ಬಂದಿಳಿಯುವವರು. ಅವರಲ್ಲಿ ಗಂಡಿನ ಅಜ್ಜ ಕಾಟಲಿಂಗಪ್ಪನೇ ದೊಡ್ಡ ಕೋರ್ಟು. ಹಿಂದೊಮ್ಮೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಕೊಟ್ಟರೆಂದು, "ಹೆಣ್ಣು ಕೊಡಾಕೆ ಮನಸ್ಸಿಲ್ದೋರು ಇವ್ರು" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಬಂದ ಮಹಾನುಭಾವರು!

ರಂಗೇಶನ ಮನೆಯ ಸೋಲಾರಿನದೋ ಬೇರೆಯೇ ಕಥೆ. ತೊಟ್ಟಿಯಲ್ಲಿ ಕುದಿಯುವ ನೀರು. ಆದರೆ ಪೈಪು ತಾರಸಿಯ ನೆಲದುದ್ದಕ್ಕೂ ಊರು ಸುತ್ತಿಕೊಂಡು ಬಚ್ಚಲಿಗೆ ಇಳಿಯುವಷ್ಟರಲ್ಲಿ ಮಾಗಿಯ ಚಳಿಗೆ ಐಸು.

"ಹಂಡೆ ಒಲೆ ಹಚ್ಚಿದ್ರಾತು ಬಿಡ್ರಿ," ಎಂದಳು ಲತಾ.

"ಒಲೆ ಹಚ್ಚಾಕೆ ನನ್ನಂಥ ಬಾಯ್ಲರ್ ಫೋರ್‌ಮನ್ ಯಾಕೆ ಬೇಕೇ? ಲ್ಯಾಗಿಂಗ್ ಮಾಡ್ತೀನಿ, ಲ್ಯಾಗಿಂಗ್!"

"ಹಂಗಂದ್ರೆ?"

ಈ ಪ್ರಶ್ನೆಗಾಗಿ ಜನ್ಮವಿಡೀ ಕಾದಿದ್ದವನಂತೆ ರಂಗೇಶ್ ಎದ್ದು ನಿಂತ. "ಬಾಯ್ಲರ್ರು, ಹಬೆ ಪೈಪು, ಬಿಸಿನೀರು ತೊಟ್ಟಿ, ಇವಕ್ಕೆಲ್ಲ ಕಾವು ಹೊರಗೆ ಹೋಗದಂಗೆ ದಪ್ಪಗೆ ಸುತ್ತೋ ಹೊದಿಕೆ ಐತಲ್ಲ, ಅದಕ್ಕೆ ಇಂಜಿನಿಯರ್ರು ಇಟ್ಟಿರೋ ಹೆಸ್ರು ಲ್ಯಾಗಿಂಗ್!"

"ಕರೆಂಟ್ ವೈರಿಗೂ ಸುತ್ತಿರ್ತಾರಲ್ಲ, ಅದಾ?"

"ಅದು ಬರೀ ಇನ್ಸುಲೇಷನ್. ಎಲ್ಲಾ ಲ್ಯಾಗಿಂಗೂ ಇನ್ಸುಲೇಷನ್ನೇ, ಎಲ್ಲಾ ಇನ್ಸುಲೇಷನ್ನೂ ಲ್ಯಾಗಿಂಗಲ್ಲ! ತಿಳೀತಾ?"

"ತಿಳೀತು. ನಮ್ಮಪ್ಪ ಕುರಿ ರೊಪ್ಪದಾಗೆ ಕಂಬಳಿ ಹೊದ್ಕಂಡು ಬೆಳತನ ಕುಂತಿರ್ತಿದ್ದ. ಅವನೂ ಲ್ಯಾಗಿಂಗ್ ಮಾಡ್ಕಂಡಿದ್ದ ಅನ್ರಿ!"

ಲತಾ ಅಂದದ್ದು ಕುಚೋದ್ಯಕ್ಕೆ. ರಂಗೇಶನಿಗೆ ಜ್ಞಾನೋದಯವಾಯಿತು. ಕಂಬಳಿ! ಉಣ್ಣೆಯಂಥ ಲ್ಯಾಗಿಂಗ್ ಮೂರು ಲೋಕದಲ್ಲಿ ಇನ್ನೊಂದು ಉಂಟೇ?

ಅಟ್ಟದ ಮೇಲಿದ್ದ ಹಳೇ ಕಂಬಳಿಯನ್ನು ಇಳಿಸಿ ಬೆಳಕಿಗೆ ಹಿಡಿದ. ನುಸಿ ತಿಂದು ಜರಡಿಯಾಗಿತ್ತು. ಛೀ! ತೂತಿರುವ ಲ್ಯಾಗಿಂಗನ್ನು ಯಾವ ಇಂಜಿನಿಯರ್ ಒಪ್ಪುತ್ತಾನೆ? ಕಣ್ಣು ಟ್ರಂಕಿನ ಮೇಲೆ ಬಿತ್ತು. ಒಳಗೆ, ರಾಮಗಿರಿಯಿಂದ ನಿನ್ನೆ ಬಂದಿದ್ದ ಅತ್ತೆ ಹುಚ್ಚಕ್ಕನ ಗಂಟು. ಗಂಟಿನೊಳಗೆ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಆರದ ಹೊಚ್ಚ ಹೊಸ ಕರಿ ಕಂಬಳಿ! 'ಪಾಪ, ಅಳಿಯನಿಗೆ ಅಂತ ತಂದಿದ್ದಾರೆ. ಹೇಳೋಕೆ ನಾಚಿಕೆ' ಎಂದುಕೊಂಡು ಅವನ ಎದೆ ತುಂಬಿ ಬಂತು. ನನ್ನ ಕಂಬಳಿ, ನನ್ನ ಪೈಪು!

"ಕಂಬಳಿ ಸಿಕ್ತಾ?" ಎಂದು ಲತಾ ಅಡುಗೆಮನೆಯಿಂದಲೇ ಕೇಳಿದಳು.

"ಸಿಕ್ತು, ಸಿಕ್ತು!"

ಅವಳು ಅಟ್ಟದ್ದೆಂದುಕೊಂಡಳು. ಅವನು ಬಿಡಿಸಿ ಹೇಳಲಿಲ್ಲ. ಲ್ಯಾಗಿಂಗಿಗೆ ಜೋಡಣೆ ಇರಬಾರದೆಂದು ಕತ್ತರಿ ಮುಟ್ಟಿಸದೆ, ಇಡೀ ಕಂಬಳಿಯನ್ನು ಪೈಪಿಗೆ ಸುತ್ತಿದ. ಬಡಗಿಗಳು ಬಳಸುವ ಅಂಟನ್ನು ಡಬ್ಬಿ ಖಾಲಿಯಾಗುವವರೆಗೆ ಬಳಿದ. ಮೇಲೆ ತಂತಿ ಬಿಗಿದ. ಉಳಿದ ಪೈಪಿಗೆ ಗೋಣಿಚೀಲ. ಕೆಳಗಿಳಿದಾಗ ಅವನ ನಡಿಗೆಯೇ ಬದಲಾಗಿತ್ತು.

ಮತ್ತು ಸ್ವಾಮೀ, ಅದು ಕೆಲಸ ಮಾಡಿತು! ಭಾನುವಾರ ಬೆಳಗಿನ ಜಾವ ಬಚ್ಚಲಿನಿಂದ ಹಬೆ ಮೋಡದಂತೆ ಬಂತು. ಹಿಂದೆಯೇ ಕೆಂಪಗೆ ಬೆಂದ ಕಾಟಲಿಂಗಪ್ಪ ಬಂದರು. "ಏನಪ್ಪ ರಂಗೇಶ, ನೀರು ಭೇಷೈತೆ ಕಣಯ್ಯ! ಹಿಂಗಿರಬೇಕು ಬೀಗ್ರ ಮನೆ!"

ರಂಗೇಶ್ ಹೆಂಡತಿಯತ್ತ ನೋಡಿದ ನೋಟದಲ್ಲಿ ಮದಕರಿ ಕೋಟೆ ಗೆದ್ದ ಗತ್ತಿತ್ತು.

ಆಮೇಲೆ ಹುಚ್ಚಕ್ಕ ಟ್ರಂಕು ತೆಗೆದಳು.

"ಕಂಬಳೀ! ಗದ್ದುಗೆ ಕಂಬಳಿ ಎಲ್ಲೈತೇ ಲತಾ?"

ವೀಳ್ಯವೆಂದರೆ ಕುರಿ ಕಾಯ್ದು ಬಂದ ಈ ಮಂದಿಯಲ್ಲಿ ಕಂಬಳಿ ಗದ್ದುಗೆ. ಯಾರೂ ಹೊದೆಯದ, ತುಳಿಯದ, ಕತ್ತರಿ ಕಾಣದ ಕರಿ ಕಂಬಳಿಯ ಮೇಲೆ ಅಕ್ಕಿ ಹರವಿ, ಕಳಶವಿಟ್ಟು, ಅದರ ಮುಂದೆ ಕೊಟ್ಟ ಮಾತೇ ಮಾತು. ಕಂಬಳಿ ಇಲ್ಲವೋ, ಮಾತೂ ಇಲ್ಲ! ರಂಗೇಶನ ಕಡೆ ಅದನ್ನು ಗಂಡಿನವರು ತರುವ ವಾಡಿಕೆ. ಹುಚ್ಚಕ್ಕನ ಕಡೆ ಹೆಣ್ಣಿನ ಅಜ್ಜಿ ಮನೆಯಿಂದ ಬರಬೇಕು. ಈ ವ್ಯತ್ಯಾಸ ರಂಗೇಶನಿಗೆ ಹೊಳೆದದ್ದು ಆ ಗಳಿಗೆಯಲ್ಲಿ, ಬೀಗರೆಲ್ಲ ಕೂತು ಎದುರು ನೋಡುತ್ತಿರುವಾಗ!

"ಅತ್ತೆ... ಅದು... ಮ್ಯಾಲೈತೆ."

ಇಡೀ ದಂಡು ತಾರಸಿಗೆ ಹತ್ತಿತು. ಹುಚ್ಚಕ್ಕ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಶಿವನೇ! ಮೊಮ್ಮಗಳ ಗದ್ದುಗೇನ ಪೈಪಿಗೆ ಉಡ್ಸಿಬಿಟ್ರಲ್ಲಪ್ಪಾ ಅಳಿಯಂದ್ರು!"

ರಂಗೇಶ್ ತಂತಿ ಕಿತ್ತು, ಕಂಬಳಿಯ ಅಂಚು ಹಿಡಿದು ಎಳೆದ. ಅಂಟು ಕಲ್ಲಾಗಿತ್ತು. ಉಣ್ಣೆ ಚಿರ್ರೆಂದು ಕಿರುಚಿತು.

"ಏಯ್, ಕೈ ತಗಿ! ಹರಿದ್ರೆ ಗದ್ದುಗೆ ಕೆಟ್ಟಂಗೇ!" ಎಂದು ಕಾಟಲಿಂಗಪ್ಪ ಅಬ್ಬರಿಸಿದರು.

ಮೆಟ್ಟಿಲ ಬಳಿ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಅನುಷಾಳ ಕಣ್ಣು ತುಂಬಿತ್ತು. ಅದನ್ನು ಕಂಡು ರಂಗೇಶನ ಸೊಕ್ಕೆಲ್ಲ ಇಳಿಯಿತು. "ಅಜ್ಜಾ, ತಪ್ಪು ನಂದು. ಬೇಕಾದ್ರೆ ನನಗೆ ಉಗೀರಿ. ಮಗಳ ಮ್ಯಾಲೆ ಹಾಕ್ಬ್ಯಾಡ್ರಿ," ಎಂದು ಕೈ ಮುಗಿದ.

ಕಾಟಲಿಂಗಪ್ಪ ಕುಕ್ಕರುಗಾಲಲ್ಲಿ ಕೂತು ಕಂಬಳಿ ಸವರಿದರು.

"ಯಾರಾರ ಹೊದ್ದಿದ್ರಾ?"

"ಇಲ್ಲಜ್ಜ. ಪೈಪು ಬಿಟ್ರೆ ಯಾರೂ ಇಲ್ಲ."

"ತುಳಿದಿದ್ರಾ?"

"ಇಲ್ಲ."

"ಕತ್ತರಿ?"

"ತಾಗಿಲ್ಲ. ಲ್ಯಾಗಿಂಗಿಗೆ ಜೋಡಣೆ ಇರಬಾರ್ದು ಅಂತ..."

"ಮತ್ತೇನು! ಕಂಬಳಿ ಇದ್ದ ಕಡೀಗೇ ಗದ್ದುಗೆ! ಕಳಶ ತರ್ರಿ ಮ್ಯಾಲೆ! ಇಂಥ ನೀರು ಹಾಕಿದ ಮನೆ ಬಿಟ್ಟು ಹೋಗಾಕೆ ನನಗೇನು ಹುಚ್ಚಾ?"

ತಾರಸಿಯಲ್ಲೇ ಜಮಖಾನೆ ಬಿತ್ತು. ಪೈಪಿಗೆ ಭಂಡಾರದ ಅರಿಶಿನ ಹಚ್ಚಿ, ಹೂವಿಟ್ಟು, ಕಾಯಿ ಒಡೆದರು. ಸೋಲಾರ್ ತೊಟ್ಟಿಯ ಸಾಕ್ಷಿಯಾಗಿ ವೀಳ್ಯ ಬದಲಾಯಿತು. ಅನುಷಾ ಅಳುತ್ತಲೇ ನಕ್ಕಳು. ರಂಗೇಶನ ಮೀಸೆಯೂ ಮಾನವೂ ಉಳಿದವು.

ಹೊರಡುವಾಗ ಕಾಟಲಿಂಗಪ್ಪ ಬಾಗಿಲಲ್ಲಿ ನಿಂತು ತಿರುಗಿದರು. "ಇನ್ನೊಂದು ಮಾತು ರಂಗೇಶ. ಗದ್ದುಗೆ ಕೂರ್ಸಿದ ಮ್ಯಾಲೆ ಅದರ ಹೊಟ್ಟ್ಯಾಗೆ ಮೈ ತೊಳ್ಯೋ ನೀರು ಹರೀಬಾರ್ದು. ಮದುವೆ ಮುಗಿಯೋಗಂಟ ಆ ಪೈಪಿನ ವಾಲ್ವು ಬಂದ್ ಮಾಡು."

ಮದುವೆ ಬೇಸಿಗೆಗೆ!

ಮರುದಿನ ಬೆಳಗ್ಗೆ, ಮೈ ಕೊರೆಯುವ ಚಳಿ. ಸೋಲಾರಿನ ನೀರು ಮೇಲೆ ಲ್ಯಾಗಿಂಗಿನೊಳಗೆ ಬೆಚ್ಚಗೆ ಮಲಗಿತ್ತು. ಫ್ಯಾಕ್ಟರಿ ಬಸ್ಸಿಗೆ ಹೊತ್ತಾಗಿತ್ತು, ಒಲೆ ಹಚ್ಚಲು ಪುರುಸೊತ್ತಿರಲಿಲ್ಲ. ಸಂಪಿನ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡ ರಂಗೇಶ್ ಹಲ್ಲು ಕಟಕಟಿಸುತ್ತ ಬಚ್ಚಲ ಬಾಗಿಲಲ್ಲಿ ಕೂಗಿದ:

"ಲೇ ಲತಾ! ನಡುಕ ನಿಲ್ವಲ್ದು ಕಣೇ! ಏನಾರ ಬೆಚ್ಚಗೆ ಹೊದ್ಕಳಾಕೆ ಕೊಡೇ!"

"ತಾರಸಿ ಮ್ಯಾಲೆ ಐತಲ್ಲ," ಎಂದು ಅಡುಗೆಮನೆಯಿಂದ ಉತ್ತರ ಬಂತು. "ಹೋಗಿ ಕೈ ಮುಗ್ಕಂಡು ಬರ್ರಿ!"