ನನ್ನನ್ನು ಒಳ್ಳೆಯವಳನ್ನಾಗಿ ಮಾಡಿದ ಕೆಂಪು ಪೆನ್ನಿಗೆ

ಏಳನೇ ತರಗತಿಯ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದುವ ಕೆಂಪು ಪೆನ್ನಿನ ಸನ್ನಿಧಾನಕ್ಕೆ,

ಮಾನ್ಯರೇ,

ಸಿಟಿ ಬಸ್ಸಿನ ಡ್ರೈವರಾದ ನಾನು, ಎರಡು ಟ್ರಿಪ್ಪುಗಳ ನಡುವಿನ ಬಿಡುವಿನಲ್ಲಿ, ಸ್ಟೇರಿಂಗಿನ ಮೇಲೆ ಹಾಳೆಯಿಟ್ಟುಕೊಂಡು ತಮಗೆ ತಲೆಬಾಗಿ ಬರೆಯುತ್ತಿದ್ದೇನೆ. ತಮ್ಮ ಶಾಯಿ ಎಂದೂ ಬತ್ತದಿರಲಿ. ಬತ್ತಿದರೆ ನನ್ನ ಅಭ್ಯಂತರವೇನೂ ಇಲ್ಲ.

ತಾವು ನನ್ನನ್ನು ಬಲ್ಲಿರಿ. 'ನನ್ನ ಅತ್ತೆ' ಎಂಬ ಪ್ರಬಂಧದಲ್ಲಿ ನನ್ನ ಅಣ್ಣನ ಮಗಳು ಬಣ್ಣಿಸಿದ್ದ ಅತ್ತೆ ನಾನೇ. ಎರಡು ಪುಟದ ಆ ಮೊದಲ ಪ್ರಬಂಧದಲ್ಲಿ ನಾನು ರಸ್ತೆಗೆ ಅಡ್ಡ ಬಂದ ಬಾತುಕೋಳಿಗಳಿಗಾಗಿ ಗಕ್ಕನೆ ಬ್ರೇಕ್ ಒತ್ತಿ, ಬೈದ ಪ್ರಯಾಣಿಕರಿಗೆ ಬಡ್ಡಿ ಸಮೇತ ತಿರುಗಿ ಬೈದು, ಎಲ್ಲರೂ ಸುಮ್ಮನಿರಿ ಎಂದು ಗದರಿಸಿ, ಮನೆಗೆ ಬಂದು ಬೂಟು ಬಿಚ್ಚದೆ ಅವಳ ಹಾಸಿಗೆಯ ಮೇಲೇ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದೆ. ಓದಿ ನನಗೇ ನನ್ನ ಮೇಲೆ ಪ್ರೀತಿ ಉಕ್ಕಿತ್ತು. ಆದರೆ ಬಸ್ಸು ನಿಲ್ಲಿಸುವ ಬ್ರೇಕಿನ ಜಾಗದಲ್ಲಿ ಹುಡುಗಿ ಲೋಟ ಒಡೆಯುವ ಬ್ರೇಕಿನ ಸ್ಪೆಲಿಂಗ್ ಬರೆದಿದ್ದಳು; ಸುಮ್ಮನಿರಿಸುವ ಕ್ವಯಟ್ ಇರಬೇಕಾದಲ್ಲಿ ಅದರ ತಂಗಿ, 'ಸಾಕಷ್ಟು' ಎಂಬರ್ಥದ ಕ್ವೈಟ್ ಬಂದು ಕೂತಿತ್ತು. ಬಾತುಕೋಳಿಗಳು ಬದುಕಿದ್ದನ್ನು ತಾವು ಗಮನಿಸಲಿಲ್ಲ, ದೊಡ್ಡವರಿಗೆ ಅಷ್ಟು ಪುರುಸೊತ್ತೆಲ್ಲಿ! ಪುಟದ ತುಂಬ ವೃತ್ತಗಳನ್ನು ಎಳೆದು 'ಮತ್ತೆ ಬರೆ' ಎಂದು ಅಪ್ಪಣೆ ಕೊಡಿಸಿದಿರಿ.

ಅವಳು ಮತ್ತೆ ಬರೆದಳು. ಗೊಂದಲದ ಪದ ಬರಬಹುದಾದ ವಾಕ್ಯಗಳನ್ನೆಲ್ಲ ಕಿತ್ತುಹಾಕಿ, 'ನನ್ನ ಅತ್ತೆ ಒಳ್ಳೆಯವರು. ದಿನವೂ ಕೆಲಸಕ್ಕೆ ಹೋಗುತ್ತಾರೆ. ನನಗೆ ಅವರು ಇಷ್ಟ' ಎಂದು ಮುಗಿಸಿದಳು. ಹತ್ತಕ್ಕೆ ಹತ್ತು! ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು, ಮಾನ್ಯರೇ, ಮತ್ತು ಆ ಮೂಗು ನಾನು. ನನ್ನ ಬಸ್ಸೆಲ್ಲಿ ಎಂದು ಕೇಳಿದರೆ, "ಬಸ್ಸು ಬಂದ್ರೆ ಬ್ರೇಕೂ ಬರುತ್ತಲ್ಲ ಅತ್ತೆ, ಅದಕ್ಕೇ ಬಿಟ್ಬಿಟ್ಟೆ" ಎಂದಳು, ತಲೆ ಎತ್ತದೆ. ಊಟಕ್ಕೆ ಕೂತರೆ ಬೇರೆಯವರಿಗೆ ಬಾಯಿ ತೆರೆಯಲು ಬಿಡದಿದ್ದ ಹುಡುಗಿ ಈಗ ಏನೇ ಬರೆದರೂ ಮೂರೇ ಸಾಲು. ನೋಡಿದರೆ ಸಂಕಟವಾಗುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಹತ್ತು ಅಂಕಗಳನ್ನು ವಾಪಸು ಪಡೆದು, ನನ್ನ ಬಸ್ಸು, ಬಾತುಕೋಳಿ, ಬೈಗುಳ, ಗೊರಕೆಗಳನ್ನು ತಪ್ಪುಗಳ ಸಮೇತ ಹಿಂತಿರುಗಿಸಬೇಕಾಗಿ ಪ್ರಾರ್ಥನೆ. ತಿದ್ದಬೇಡಿ ಎನ್ನುತ್ತಿಲ್ಲ. ಧಾರಾಳವಾಗಿ ತಿದ್ದಿ, ವೃತ್ತದ ಪಕ್ಕದಲ್ಲಿ 'ಆಮೇಲೇನಾಯಿತು?' ಎಂದೂ ಒಂದು ಮಾತು ಕೇಳಿ. ಅವಳು ಹೇಳುತ್ತಾಳೆ.

ತಮ್ಮ ವಿಶ್ವಾಸಿ,
ಹತ್ತಕ್ಕೆ ಹತ್ತು ಪಡೆದ ಒಳ್ಳೆಯ ಅತ್ತೆ

ತಾ.ಕ.: ಆ ಮೊದಲ ಪ್ರಬಂಧವನ್ನು ನನ್ನ ಸೀಟಿನ ಹಿಂದೆ ಅಂಟಿಸಿದ್ದೇನೆ. ಜನ ಓದುತ್ತಾರೆ, ನಗುತ್ತಾರೆ, ತಂತಮ್ಮ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆಯುತ್ತಾರೆ. ತಾವು ಮೆಚ್ಚಿದ ಪ್ರಬಂಧವನ್ನೂ ಪಕ್ಕದಲ್ಲೇ ಅಂಟಿಸಿ ನೋಡಿದೆ. ಅದನ್ನು ಓದಿ ಇದುವರೆಗೆ ಯಾರೂ ಸ್ಟಾಪು ಮರೆತಿಲ್ಲ.