ಸುಣ್ಣ ಹಚ್ಚಿದವರು ಯಾರು?

ಸಂಶಯ ನನ್ನ ಹುಟ್ಟುಗುಣ. ಪುಣೆಯ ಪ್ರಯೋಗಾಲಯಕ್ಕೆ ಸೇರಿದ ಮೇಲೆ ಅದಕ್ಕೆ ಸಂಬಳವೂ ಸಿಗತೊಡಗಿತು. ಅಂದಿನಿಂದ ಇಂಥ ಪ್ರಸಂಗಗಳಿಗೆ ಬರವೇ ಇಲ್ಲ.

ಸಿಗ್ನಲ್

ಪುಣೆಯ ಹಡಪಸರ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಬೆಳಗಾವಿ ಕಡೆಯ ಕಾಕು, ಅಂದರೆ ಚಿಕ್ಕಮ್ಮನಂಥವರು, ಒಬ್ಬರಿದ್ದಾರೆ. ನನ್ನ ಕೆಲಸ ಕ್ಯಾಲ್ಸಿಯಂ ಮೇಲೆ ಎಂದು ಗೊತ್ತಾದ ದಿನವೇ ಮೊಣಕಾಲು ನೋವಿಗೆ ಗುಳಿಗೆ ಕೇಳಲು ಬಂದರು. ಗುಳಿಗೆ ಇಲ್ಲ, ಜೀವಕೋಶದ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಅದೇ ಸಿಗ್ನಲ್, ಅದು ಸಿಕ್ಕರೆ ಸ್ನಾಯು ಬಿಗಿಯುತ್ತದೆ, ಹೃದಯ ಬಡಿಯುತ್ತದೆ, ನಾನು ನೋಡುವವನು ಅಷ್ಟೇ ಎಂದೆ. ಗುಳಿಗೆ ನನ್ನ ಚೀಲದಲ್ಲೇ ಇದೆ ಎಂದು ಕಾಕುಗೆ ಗುಮಾನಿ.

"ಹಡಪಸರದಾಗ ಪೊಲೀಸ್ ನಿಂತ್ರೂ ಸಿಗ್ನಲ್ ಯಾರೂ ಕೇಳಂಗಿಲ್ರಿ. ಇನ್ನ ಮೈಯೊಳಗಿಂದು ಯಾರ ಕೇಳ್ತಾರ? ಸುಮ್ನ ಎರಡ ಗುಳಿಗಿ ಕೊಡ್ರಿ."

ಬಾಟಲಿ

ಕ್ಯಾಲ್ಸಿಯಂ ಒಳಬಂದರೆ ಕೋಶ ಹೊಳೆಯುವಂತೆ ನಾವು ಬಣ್ಣ ಹಾಕಿರುತ್ತೇವೆ. ಸುತ್ತಲಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಬಾಗಿಲು ತೆರೆದರೂ ಹೊಳೆಯಬಾರದು. ಅಂಥ ದ್ರಾವಣದಲ್ಲೂ ನನ್ನ ಕೋಶಗಳು ಹೊಳೆದವು. ತಿಂಗಳೊಳಗೆ ಇದು ಸರಿಹೋಗದಿದ್ದರೆ ನಿಮ್ಮ ಕೆಲಸ ಮುಂದುವರಿಯದು ಎಂದರು ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು. ನನಗೆ ನಿಜಕ್ಕೂ ಭಯವಾಯಿತು.

ಪ್ರಯೋಗಾಲಯದ ಪಾತ್ರೆ ತೊಳೆಯುವ ಹೆಂಗಸು, ಎಲ್ಲರೂ ಮಾವಶಿ ಎನ್ನುವವರು, ಕ್ಯಾಲ್ಸಿಯಂ ಇರುವ ನಲ್ಲಿ ನೀರು ಬಳಸುತ್ತಾರೆಂದು ಸಂಶಯ ಬಂತು. ಬಾಟಲಿಗಳ ಕಪಾಟಿಗೆ ಬೀಗ ಜಡಿದೆ. ಆದರೂ ಹೊಳೆಯಿತು. ಮಾವಶಿಯ ಎದುರೇ ಸಾಹೇಬರಿಗೆ ಮರಾಠಿಯಲ್ಲಿ, ಯಾರೋ ನಮಗೆ ಚುನಾ ಹಚ್ಚುತ್ತಿದ್ದಾರೆ ಎಂದೆ. ಚುನಾ ಎಂದರೆ ಸುಣ್ಣ. ಸುಣ್ಣ ಹಚ್ಚುವುದೆಂದರೆ ಇಲ್ಲಿ ಟೋಪಿ ಹಾಕುವುದು. ಮಾವಶಿ ಒಂದು ವಾರ ನನಗೆ ಚಹಾ ಕೊಡಲಿಲ್ಲ.

ಊಟದ ನಂತರ

ಮೈಸೂರಿನ ಸಹೋದ್ಯೋಗಿಯೊಬ್ಬ ನನ್ನ ಮೇಜಿನ ಸುತ್ತ ನೋಟ್‌ಬುಕ್ ಹಿಡಿದು ಸುಳಿಯತೊಡಗಿದ. ನನ್ನ ಜಾಗಕ್ಕೆ ಕಣ್ಣು ಹಾಕಿದ್ದಾನೆ ಎಂದುಕೊಂಡೆ. ಐದನೆಯ ದಿನ ಅವನು ಎಲ್ಲರ ಎದುರು ನೋಟ್‌ಬುಕ್ ತೆರೆದ.

"ಸರ್, ನೀವು ಬೆಳಗ್ಗೆ ಮಾಡಿದ ದ್ರಾವಣ ಚೆನ್ನಾಗೇ ಇದೆ. ಊಟ ಆದ್ಮೇಲೆ ಮಾಡಿದ್ದು ಮಾತ್ರ ಹೊಳೆಯುತ್ತೆ. ಊಟಕ್ಕೆ ಏನ್ ತಿಂತೀರ?"

ನಾನು ಧಾರವಾಡದವನು. ಊಟದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಕೈಗವಸು ತಪ್ಪದೆ ಹಾಕುತ್ತಿದ್ದೆ ನಿಜ, ಆದರೆ ಅದನ್ನು ಎಳೆದುಕೊಳ್ಳುತ್ತಿದ್ದದ್ದು ಎಲೆಗೆ ಸುಣ್ಣ ಸವರಿದ ಬೆರಳಿನಿಂದಲೇ. ಸುಣ್ಣವೆಂದರೆ ಕ್ಯಾಲ್ಸಿಯಂ, ಗವಸಿಗೆ ಅಂಟಿದ್ದನ್ನು ಕೋಶಗಳಿಗೆ ನಾನೇ ದಿನಾ ಬಡಿಸುತ್ತಿದ್ದೆ.

ಕೆಲಸವೇನೋ ಉಳಿಯಿತು. ಮಾವಶಿ ಮಾತ್ರ ಬಿಡಲಿಲ್ಲ. ನನ್ನ ಕೈ ಹಿಡಿದು, ಉಗುರಿನ ಬಿಳಿ ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿ, ಸಾಹೇಬರ ಕೋಣೆಗೆ ಕೇಳುವಂತೆ ಹೇಳಿದರು:

"ಸಾಹೇಬ, ಚುನಾ ಲಾವಣಾರಾ ಸಾಪಡಲಾ."

ಸುಣ್ಣ ಹಚ್ಚಿದವನು ಸಿಕ್ಕಿಬಿದ್ದನಂತೆ.